ಐಸ್ ಇಲ್ಲದ ತಿಂಗಳುಗಳು: ದಿನಕ್ಕೆ ಒಂದೇ ಗಂಟೆ ಸಿಕ್ಕರೆ ಸೈಕಲ್ಲೋ, ಡ್ರೈಲ್ಯಾಂಡೋ?

ಹೊರಲೇನ್

ಎಲ್ಲರಿಗೂ ನಮಸ್ಕಾರ.

ನಾವು ಸ್ಪೀಡ್ ಸ್ಕೇಟಿಂಗ್ ಮಾಡುವ ಐಸ್ ಟ್ರ್ಯಾಕ್, ನಮ್ಮ ಓವಲ್, ಮುಚ್ಚಿತು. ಕೂಲಿಂಗ್ ನಿಲ್ಲಿಸಿ ಐಸ್ ಕರಗಿಸಿದ್ದಾರೆ. ಇನ್ನು ಅಕ್ಟೋಬರ್‌ವರೆಗೆ ಆ 400 ಮೀಟರ್ ಟ್ರ್ಯಾಕ್ ಅಂದರೆ ಬರೀ ಕಾಂಕ್ರೀಟ್. ಪ್ರತಿವರ್ಷ ಈ ಹೊತ್ತಿಗೆ ನನ್ನ ತಲೆಯಲ್ಲಿ ಏಳುವ ಪ್ರಶ್ನೆಯನ್ನು, ಸೈಕಲ್ಲೋ ಡ್ರೈಲ್ಯಾಂಡೋ (ಐಸ್ ಇಲ್ಲದೆ ನೆಲದ ಮೇಲೆ ಮಾಡುವ ಸ್ಕೇಟಿಂಗ್ ಅಭ್ಯಾಸ) ಎಂಬುದನ್ನು, ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದ ಇದೆ. ಸಮಯ ಇದ್ದಾಗ ಓದಿ.

ಮೊದಲು ನನ್ನ ಬಗ್ಗೆ. ವಯಸ್ಸು ನಲವತ್ತು ದಾಟಿದೆ. ಸ್ಕೇಟಿಂಗ್ ಶುರು ಮಾಡಿದ್ದೇ ಮೂವತ್ತು ಕಳೆದ ಮೇಲೆ. ಲಾಂಗ್ ಟ್ರ್ಯಾಕ್, ಅಂದರೆ ಈ 400 ಮೀಟರ್ ಟ್ರ್ಯಾಕಿನ ರೇಸ್ ಮಾತ್ರ: 500, 1500, ಒಮ್ಮೊಮ್ಮೆ 3000 ಮೀಟರ್. ಮಾಸ್ಟರ್ಸ್ ರೇಸ್‌ಗಳಲ್ಲಿ ಪಟ್ಟಿಯ ನಡುವೆ ಎಲ್ಲೋ ನನ್ನ ಹೆಸರು ಇರುತ್ತದೆ. ಕೋಚ್ ಇಲ್ಲ. ದಿನವಿಡೀ ಕೂತು ಮಾಡುವ ಕೆಲಸ. ಬೆಳಗ್ಗೆ ಮನೆಯವರು ಏಳುವ ಮೊದಲು ಒಂದು ಗಂಟೆ ನನ್ನದು. ಭಾನುವಾರ ಸ್ವಲ್ಪ ಜಾಸ್ತಿ ಸಿಗುತ್ತದೆ. ಅಷ್ಟೇ.

ಸೀಸನ್‌ನಲ್ಲಿ ಆ ಒಂದು ಗಂಟೆಯನ್ನು ಏನು ಮಾಡಬೇಕು ಎಂದು ಯೋಚಿಸುವ ಕೆಲಸವೇ ಇರುವುದಿಲ್ಲ. ಐಸ್ ಟೈಮ್ ಯಾವತ್ತು ಸಿಕ್ಕಿದೆಯೋ ಅದರ ಸುತ್ತ ವಾರ ತಾನಾಗಿ ಹೊಂದಿಕೊಳ್ಳುತ್ತದೆ. ಹಿಂದಿನ ರಾತ್ರಿ ಬ್ಲೇಡನ್ನು ಜಿಗ್‌ಗೆ (ಅದನ್ನು ಅಲ್ಲಾಡದಂತೆ ಹಿಡಿಯುವ ಚೌಕಟ್ಟು) ಸಿಕ್ಕಿಸಿ ಕಲ್ಲು ಉಜ್ಜುವುದು, ಉಜ್ಜಿದಾಗ ಅಂಚಿನಲ್ಲಿ ಏಳುವ ಲೋಹದ ಎಳೆ, ಅಂದರೆ ಬರ್ ತೆಗೆಯುವುದು, ಅಂಚು ಏಳುತ್ತಿದೆಯಾ ಎಂದು ಉಗುರಿನ ಮೇಲೆ ಎಳೆದು ನೋಡುವುದು, ಸೂಟ್ ಮಡಚಿ ಚೀಲಕ್ಕೆ ಹಾಕುವುದು. ಇವೆಲ್ಲ ಇದ್ದಕ್ಕಿದ್ದಂತೆ ನಿಂತುಹೋಗಿವೆ. ಕೈಗೆ ಕೆಲಸವಿಲ್ಲ. ಸಂಜೆ ನೋಟ್‌ಬುಕ್ ತೆಗೆದು ಲ್ಯಾಪ್ ಟೈಮ್‌ಗಳನ್ನು ಓದುತ್ತಾ ಕೂರುತ್ತೇನೆ. 500ರ ಸೆಕೆಂಡುಗಳಿಗೆ 1500ರ ಸಮಯದ ಮೂರನೇ ಒಂದು ಪಾಲು, 3000ದ ಆರನೇ ಒಂದು ಪಾಲು ಕೂಡಿಸಿ ಪಾಯಿಂಟ್ ಹಾಕುತ್ತೇನೆ. ಪಾಯಿಂಟ್ ಕಮ್ಮಿ ಇದ್ದಷ್ಟೂ ಒಳ್ಳೆಯದು. 1500ರಲ್ಲಿ ಮೂರು ಸೆಕೆಂಡ್ ಉಳಿಸಿದರೆ ಒಂದು ಪೂರ್ತಿ ಪಾಯಿಂಟ್ ಇಳಿಯುತ್ತದೆ. ಆ ಮೂರು ಸೆಕೆಂಡ್ ಎಲ್ಲಿ ಅಡಗಿದೆ ಎಂದು ಹುಡುಕುವುದೇ ಈಗ ನನ್ನ ಸಂಜೆಗಳ ಕೆಲಸ.

ಸೀಸನ್ ಮುಗಿದದ್ದು ದೇಹಕ್ಕೆ ಇನ್ನೂ ಗೊತ್ತಾಗಿಲ್ಲ. ಉದ್ದನೆಯ ಕಾರಿಡಾರ್ ಕಂಡರೆ ಸೊಂಟ ತಾನಾಗಿ ಕೆಳಗಿಳಿಯುತ್ತದೆ. ಎಲ್ಲಾದರೂ ಸಾಲಿನಲ್ಲಿ ನಿಂತರೆ ಭಾರವನ್ನೆಲ್ಲ ಒಂದೇ ಕಾಲಿಗೆ ಹಾಕಿ, ಕಣಕಾಲು ಒಳಕ್ಕೆ ಬೀಳುತ್ತಿದೆಯಾ ಎಂದು ಗಮನಿಸುತ್ತೇನೆ. ದಾರಿ ಎಡಕ್ಕೆ ಬಾಗಿದರೆ ಖುಷಿ. ಬಲಕ್ಕೆ ಬಾಗಿದರೆ ಈ ತಿರುವು ನನ್ನದಲ್ಲ ಅನಿಸುತ್ತದೆ. ವರ್ಷಗಟ್ಟಲೆ ಎಡಕ್ಕೇ ತಿರುಗಿದ ಮೇಲೆ ಹಾಗನಿಸುವುದು ಸಹಜ ಅಲ್ವಾ?

ಈಗ ವಿಷಯಕ್ಕೆ ಬರುತ್ತೇನೆ. ನನ್ನ 1500 ಎಲ್ಲಿ ಕೆಡುತ್ತದೆ ಎಂದು ನೋಟ್‌ಬುಕ್ ಸರಿಯಾಗಿ ಹೇಳುತ್ತದೆ. ಮೊದಲ 300 ಮೀಟರ್ ಚೆನ್ನಾಗಿರುತ್ತದೆ. ಅದಾದ ಮೇಲಿನ ಲ್ಯಾಪ್ 35 ಸೆಕೆಂಡ್ ಹತ್ತಿರ. ಎರಡನೆಯದು 37. ಕೊನೆಯದು 40 ದಾಟುತ್ತದೆ. ಕೊನೆಯ ಲ್ಯಾಪ್‌ನಲ್ಲಿ ಲೇನ್ ಬದಲಿಸುವ ಜಾಗಕ್ಕೆ ಬರುವಷ್ಟರಲ್ಲಿ ನಾನು ಕೂತ ಭಂಗಿಯಿಂದ ಎದ್ದುಬಿಟ್ಟಿರುತ್ತೇನೆ. ಮಂಡಿ ಬಿಚ್ಚಿಕೊಂಡಿರುತ್ತದೆ, ಬೆನ್ನು ಮೇಲೆ ಬಂದಿರುತ್ತದೆ. ಗೆಳೆಯರು ತೆಗೆದ ವಿಡಿಯೋಗಳಲ್ಲಿ ಇದು ಎದ್ದು ಕಾಣುತ್ತದೆ. ಆಗ ಕೈಕೊಡುತ್ತಿರುವುದು ಉಸಿರೋ, ತೊಡೆಯೋ? ನನಗೆ ಬೇಕಿರುವ ಉತ್ತರ ಇದು.

ಉಸಿರು ಅಂದರೆ ಸೈಕಲ್ ಸಾಕು. ಸೈಕಲ್ ತುಳಿಯುವುದು ನನಗೆ ತುಂಬಾ ಇಷ್ಟ. ಸ್ಕೇಟಿಂಗ್‌ಗೂ ಸೈಕಲ್‌ಗೂ ಹಳೆಯ ನಂಟೂ ಇದೆ. ಎರಿಕ್ ಹೈಡನ್ 1980ರ ಒಲಿಂಪಿಕ್ಸ್‌ನಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ 500ರಿಂದ 10,000 ಮೀಟರ್‌ವರೆಗೆ ಐದೂ ಚಿನ್ನ ಗೆದ್ದರು. ಆಮೇಲೆ ವೃತ್ತಿಪರ ಸೈಕಲ್ ಸವಾರರಾಗಿ 1986ರ ಟೂರ್ ಡಿ ಫ್ರಾನ್ಸ್‌ನಲ್ಲಿ ಓಡಿಸಿದರು. ಕ್ರಿಸ್ಟಾ ರೋಥೆನ್‌ಬರ್ಗರ್ 1988ರಲ್ಲಿ ಚಳಿಗಾಲದಲ್ಲಿ ಕ್ಯಾಲ್ಗರಿಯಲ್ಲಿ 1000 ಮೀಟರ್ ಸ್ಕೇಟಿಂಗ್ ಚಿನ್ನ ಗೆದ್ದು, ಅದೇ ವರ್ಷ ಸೋಲ್‌ನಲ್ಲಿ ಸೈಕಲ್ ಸ್ಪ್ರಿಂಟ್‌ನಲ್ಲಿ ಬೆಳ್ಳಿ ತಂದರು. ಕ್ಲಾರಾ ಹ್ಯೂಸ್ 1996ರಲ್ಲಿ ಸೈಕಲ್‌ನಲ್ಲಿ ಎರಡು ಕಂಚು, 2006ರಲ್ಲಿ ಐಸ್ ಮೇಲೆ 5000 ಮೀಟರ್ ಚಿನ್ನ. ಇವರ ಹೆಸರು ಹೇಳಿಕೊಂಡು ನಾನು ಬೇಸಿಗೆ ಪೂರ್ತಿ ಸೈಕಲ್ ಮೇಲೇ ಕಳೆಯಬಹುದು.

ಆದರೆ ಸೈಕಲ್‌ನಲ್ಲಿ ಸೀಟು ಭಾರ ಹೊರುತ್ತದೆ. ಕಾಲು ಪಕ್ಕಕ್ಕೆ ತಳ್ಳುವುದೇ ಇಲ್ಲ. ಒಂದು ಕಾಲಿನ ಮೇಲೆ ದೇಹವನ್ನು ಹೊತ್ತು ಜಾರುವ ಆ ಕ್ಷಣ ಅಲ್ಲಿ ಇಲ್ಲವೇ ಇಲ್ಲ. ತೊಡೆಯದ್ದೇ ತೊಂದರೆ ಅಂದರೆ ಡ್ರೈಲ್ಯಾಂಡ್ ಮಾಡಬೇಕು: ಕೆಳಗೆ ಕೂತು ನಡೆಯುವುದು, ಪಕ್ಕಕ್ಕೆ ಜಿಗಿಯುವುದು, ನುಣುಪು ಹಲಗೆಯ ಮೇಲೆ ಆಚೀಚೆ ಜಾರುವ ಸ್ಲೈಡ್ ಬೋರ್ಡ್. ಅದು ನನಗೆ ಕಷ್ಟ. ನೋವಿಗೆ ಹೆದರಿ ಹೇಳುತ್ತಿಲ್ಲ. ಅಲ್ಲಿ ವೇಗ ಇಲ್ಲ, ಮುಖಕ್ಕೆ ಗಾಳಿ ಇಲ್ಲ. ನಾನು ಈ ಆಟಕ್ಕೆ ಬಿದ್ದದ್ದೇ ತಿರುವಿನಿಂದ ಹೊರಬರುವ, ಬಲಗಾಲನ್ನು ಎಡಗಾಲಿನ ಮುಂದಿನಿಂದ ದಾಟಿಸಿ ಇಡುವ ಕೊನೆಯ ಎರಡು ಕ್ರಾಸ್‌ಓವರ್‌ಗಳಿಗಾಗಿ. ಎಡಗಾಲು ಬಲಗಾಲಿನ ಅಡಿಯಲ್ಲಿ ಪೂರ್ತಿ ಚಾಚಿ ತಳ್ಳುತ್ತದೆ, ಬೂಟಿನ ಹಿಮ್ಮಡಿಯಿಂದ ಬಿಟ್ಟುಕೊಳ್ಳುವ ಕ್ಲ್ಯಾಪ್ ಬ್ಲೇಡ್ ವಾಪಸ್ ಕೂತು ಟಕ್ ಅನ್ನುತ್ತದೆ, ನೇರ ದಾರಿಗೆ ಬಂದಾಗ ಯಾರೋ ಹಿಂದಿನಿಂದ ದೂಡಿದ ಹಾಗೆ ವೇಗ ಸಿಗುತ್ತದೆ. ಐಸ್ ಮೇಲೆ ಅದು ಸಿಕ್ಕ ದಿನ ಇಡೀ ದಿನ ಮನಸ್ಸು ಹಗುರ.

ಹಾಗಾಗಿ ಕೇಳುತ್ತಿದ್ದೇನೆ. ದಿನಕ್ಕೆ ಒಂದೇ ಗಂಟೆ ಇರುವವರು ಅದನ್ನು ಯಾವುದಕ್ಕೆ ಕೊಡುತ್ತೀರಿ? ಇನ್‌ಲೈನ್ ಸ್ಕೇಟ್ (ಒಂದೇ ಸಾಲಿನಲ್ಲಿ ಗಾಲಿ ಇರುವಂಥದ್ದು) ತಗೊಂಡರೆ ಎರಡೂ ಸಿಗುತ್ತದಾ, ಅಥವಾ ಐಸ್ ತಂತ್ರ ಕೆಡುತ್ತದಾ? ಬ್ಲೇಡ್‌ಗಳನ್ನು ಆರು ತಿಂಗಳು ಹೇಗೆ ಇಡುತ್ತೀರಿ? ಇನ್ನೊಂದು, ಇದು ಸ್ವಲ್ಪ ಮನಸ್ಸಿನ ವಿಷಯ. ನಲವತ್ತು ದಾಟಿದ ಮೇಲೆ ಮಂಡಿಯನ್ನು ಇನ್ನೊಂದಿಷ್ಟು ಬಗ್ಗಿಸಲು ಇಡೀ ಬೇಸಿಗೆ ದುಡಿಯುವುದಕ್ಕೆ ಅರ್ಥ ಇದೆಯಾ? ನನಗಂತೂ ಇದೆ ಅನಿಸುತ್ತದೆ. ನಿಮಗೂ ಹಾಗೇ ಅನಿಸುತ್ತದಾ ಎಂದು ತಿಳಿಯುವ ಆಸೆ.

ಹಳೆಬ್ಲೇಡ್

ಹೊರಲೇನ್ ಅವರಿಗೆ ನಮಸ್ಕಾರ. ನಿಮ್ಮ ಲ್ಯಾಪ್ ಟೈಮ್ ನೋಡಿದರೆ ನನ್ನ ಹತ್ತಿರ ಬರುವ ಹೆಚ್ಚಿನ ದೊಡ್ಡವರ 1500 ಹೀಗೇ ಇರುತ್ತದೆ. ನಾನು ಅರವತ್ತರ ಹತ್ತಿರ ಇದ್ದೇನೆ, ಈಗಲೂ ರೇಸ್ ಮಾಡುತ್ತೇನೆ. ವಾರದಲ್ಲಿ ಎರಡು ಸಂಜೆ ಮಕ್ಕಳಿಗೆ ಕಲಿಸುತ್ತೇನೆ.

ಉಸಿರೋ ತೊಡೆಯೋ ಎಂದು ಊಹಿಸಬೇಡಿ, ಪರೀಕ್ಷೆ ಮಾಡಿ. ಚೆನ್ನಾಗಿ ವಾರ್ಮ್ ಅಪ್ ಮಾಡಿ. ರೇಸ್‌ನಲ್ಲಿ ಕೂರುವಷ್ಟೇ ಕೆಳಗೆ ಕೂತುಕೊಳ್ಳಿ. ಮಂಡಿ ಕಾಲ್ಬೆರಳಿನ ನೇರಕ್ಕೆ, ಮೂಗು ಮಂಡಿಯ ನೇರಕ್ಕೆ, ಬೆನ್ನು ಸ್ವಲ್ಪ ಗುಂಡಗೆ, ಕೈ ಹಿಂದೆ. ಸ್ಟಾಪ್‌ವಾಚ್ ಒತ್ತಿ ಎಡಕ್ಕೆ ಬಲಕ್ಕೆ ನಿಧಾನವಾಗಿ ಭಾರ ಬದಲಿಸುತ್ತಾ ಇರಿ. ನಿಮ್ಮ 1500 ಎಷ್ಟು ಹೊತ್ತೋ ಅಷ್ಟು ಹೊತ್ತು. ಪಕ್ಕದಿಂದ ವಿಡಿಯೋ ಇಟ್ಟುಕೊಳ್ಳಿ. ಉಸಿರು ಆರಾಮಾಗಿದ್ದಾಗಲೇ ತೊಡೆ ಉರಿದು ನೀವು ಮೇಲೆದ್ದರೆ ಉತ್ತರ ಸಿಕ್ಕಿತು.

ನನ್ನ ಅಂದಾಜು: ತೊಡೆ. ಕಾರಣ ಹೇಳುತ್ತೇನೆ. ಓಡುವಾಗ, ಸೈಕಲ್ ತುಳಿಯುವಾಗ ಸ್ನಾಯು ಬಿಗಿಯಾಗುತ್ತದೆ, ತಕ್ಷಣ ಸಡಿಲವಾಗುತ್ತದೆ. ಆ ಸಡಿಲದಲ್ಲಿ ರಕ್ತ ಹರಿಯುತ್ತದೆ. ಸ್ಕೇಟಿಂಗ್‌ನಲ್ಲಿ ಜಾರುವ ಕಾಲು ತಳ್ಳುವ ಮೊದಲೂ ಬಿಗಿಯಾಗಿಯೇ ಇರುತ್ತದೆ. ಬಗ್ಗಿದ ಮಂಡಿಯ ಮೇಲೆ ಇಡೀ ದೇಹ ನಿಂತಿರುತ್ತದಲ್ಲ. ಹಾಗೆ ಬಿಗಿದ ತೊಡೆ ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ. ಹೃದಯ ಎಷ್ಟೇ ಪಂಪ್ ಮಾಡಿದರೂ ರಕ್ತ ಸಾಲದು, ಆಕ್ಸಿಜನ್ ಸಾಲದು. ಕೆಳಗೆ ಕೂತಷ್ಟೂ ಇದು ಜಾಸ್ತಿ. ತಿರುವಿನಲ್ಲಿ ಇನ್ನೂ ಜಾಸ್ತಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ 26 ಮೀಟರ್ ತ್ರಿಜ್ಯದ ತಿರುವು ತಗೊಂಡರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಹತ್ತನೇ ಒಂದು ಪಾಲು ಏರುತ್ತದೆ. ಅದೂ ಒಂದೇ ಕಾಲಿನ ಮೇಲೆ.

ಹಾಗಾದರೆ ಸ್ವಲ್ಪ ಮೇಲೆ ಕೂತೇ ಸ್ಕೇಟ್ ಮಾಡಬಾರದಾ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ನಮ್ಮ ವೇಗದಲ್ಲಿ ನಮ್ಮನ್ನು ತಡೆಯುವುದು ಮುಖ್ಯವಾಗಿ ಗಾಳಿ. ಐಸಿನ ಘರ್ಷಣೆಯ ಪಾಲು ಚಿಕ್ಕದು. ಬೆನ್ನು ಮೇಲೆ ಬಂದರೆ ಗಾಳಿಗೆ ಒಡ್ಡುವ ಮೈ ದೊಡ್ಡದಾಗುತ್ತದೆ. ಜೊತೆಗೆ ಮಂಡಿ ಬಿಚ್ಚಿಕೊಂಡರೆ ತಳ್ಳಲು ಉಳಿಯುವ ಉದ್ದ ಕಮ್ಮಿ. ಕೊನೆಯ ಲ್ಯಾಪ್‌ನಲ್ಲಿ ನಿಮಗೆ ಎರಡು ಕಡೆಯಿಂದ ನಷ್ಟ ಆಗುತ್ತಿದೆ. ನೀವು ಹುಡುಕುತ್ತಿರುವ ಮೂರು ಸೆಕೆಂಡ್ ಅಲ್ಲೇ ಇದೆ ಎಂದು ನನಗೆ ಧೈರ್ಯವಾಗಿ ಅನಿಸುತ್ತದೆ.

ಈಗ ಸೈಕಲ್ ಬಿಡಿ ಎಂದು ಹೇಳುತ್ತೇನೆ ಅಂದುಕೊಂಡಿರಬಹುದು. ಇಲ್ಲ. ಮೊದಲು ಸೈಕಲ್, ಆಮೇಲೆ ಭಂಗಿ. ಕ್ರಮ ಮುಖ್ಯ. ಸ್ವೀಡನ್ನಿನ ಸ್ಕೇಟರ್ ನಿಲ್ಸ್ ವಾನ್ ಡೆರ್ ಪೂಲ್ 2022ರ ಒಲಿಂಪಿಕ್ಸ್‌ನಲ್ಲಿ ಬೀಜಿಂಗ್‌ನಲ್ಲಿ 5000 ಮತ್ತು 10,000 ಮೀಟರ್ ಎರಡೂ ಗೆದ್ದರು. 10,000ದಲ್ಲಿ 12 ನಿಮಿಷ 30.74 ಸೆಕೆಂಡಿನ ವಿಶ್ವದಾಖಲೆ ಮಾಡಿದರು. ಗೆದ್ದ ಮೇಲೆ ತಮ್ಮ ತರಬೇತಿಯ ಲೆಕ್ಕವನ್ನೆಲ್ಲ ಬರೆದು ಎಲ್ಲರಿಗೂ ಸಿಗುವಂತೆ ಇಟ್ಟರು. ಮೊದಲು ತಿಂಗಳುಗಟ್ಟಲೆ ಐಸಿನಿಂದ ದೂರ, ಉದ್ದುದ್ದ ಸೈಕಲ್ ಸವಾರಿ. ರೇಸ್ ಹತ್ತಿರ ಬಂದಂತೆ ಐಸ್ ಮೇಲೆ ರೇಸ್ ವೇಗದ ಲ್ಯಾಪ್‌ಗಳು. ವಾರಕ್ಕೆ ಐದು ದಿನ ದುಡಿತ, ಎರಡು ದಿನ ಪೂರ್ತಿ ಬಿಡುವು. ಅವರ ಗಂಟೆಗಳು ನಮಗೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕ್ರಮವನ್ನೂ ಬಿಡುವನ್ನೂ ನಾವು ತಗೊಳ್ಳಬಹುದು.

ನಿಮ್ಮಂಥವರಿಗೆ ನಾನು ಹೇಳುವುದು ಇಷ್ಟು. ಓವಲ್ ಮುಚ್ಚಿದ ಮೇಲೆ ಮೂರು ನಾಲ್ಕು ವಾರ ಏನೂ ಯೋಜನೆ ಬೇಡ. ನಡೆಯಿರಿ, ಈಜಿ, ಮನಸ್ಸಿಗೆ ಬಂದದ್ದು ಮಾಡಿ. ಸ್ಕೇಟಿಂಗ್ ನೆನಪಾಗದಿದ್ದರೂ ಚಿಂತೆ ಇಲ್ಲ. ಆಮೇಲೆ ಎರಡು ತಿಂಗಳು ಹೆಚ್ಚು ಬೆಳಗ್ಗೆ ಸೈಕಲ್, ಮಾತಾಡಿಕೊಂಡು ತುಳಿಯುವಷ್ಟು ಆರಾಮಾಗಿ. ವಾರಕ್ಕೆ ಒಂದು ಬೆಳಗ್ಗೆ ಮಾತ್ರ ಡ್ರೈಲ್ಯಾಂಡ್, ಭಂಗಿ ಮರೆಯದಿರಲಿ ಎಂದು. ಐಸಿಗೆ ಹತ್ತು ವಾರ ಇರುವಾಗ ಉಲ್ಟಾ ಮಾಡಿ. ಡ್ರೈಲ್ಯಾಂಡ್ ಮೂರು ಬೆಳಗ್ಗೆ, ಸೈಕಲ್ ಭಾನುವಾರಕ್ಕೆ.

ಡ್ರೈಲ್ಯಾಂಡ್ ಬೇಸರ ಅಂದಿರಿ. ಒಂದು ಗಂಟೆ ಪೂರ್ತಿ ಮಾಡಬೇಡಿ. ಮೂವತ್ತೈದು ನಿಮಿಷ ಸಾಕು, ಪ್ರತಿ ನಿಮಿಷವೂ ಸರಿಯಾಗಿರಲಿ. ಸ್ಕೇಟಿಂಗ್ ನಡಿಗೆ ಮಾಡುವಾಗ ಪಾದ ಪೂರ್ತಿ ನೆಲದಲ್ಲಿರಲಿ, ತಳ್ಳುವುದು ಪಕ್ಕಕ್ಕೆ, ಹಿಮ್ಮಡಿಯಿಂದ ಶುರು. ಜಾರುತ್ತಿರುವ ಬ್ಲೇಡ್ ಹಿಂದಕ್ಕೆ ಒತ್ತಿದರೆ ಹಿಂದಕ್ಕೇ ಓಡುತ್ತದೆ, ಹಿಡಿತ ಸಿಗುವುದಿಲ್ಲ. ಅದಕ್ಕೆ ಐಸ್ ಮೇಲೆ ಅಡ್ಡಕ್ಕೆ ಮಾತ್ರ ಬಲ ಸಿಗುವುದು. ನೆಲ ಆ ಶಿಸ್ತನ್ನು ಕೇಳುವುದಿಲ್ಲ. ಬೆರಳಿನಿಂದ ಹಿಂದಕ್ಕೆ ಒದ್ದರೂ ನೆಲದ ಮೇಲೆ ಮುಂದೆ ಹೋಗುತ್ತೀರಿ. ಅಲ್ಲೇ ಅಭ್ಯಾಸ ಕೆಡುವುದು. ತಳ್ಳಿ ಮುಗಿದ ಕಾಲು ಹಿಂದಿನಿಂದ ಸುತ್ತಿ ಬಂದು ದೇಹದ ಕೆಳಗೇ ಇಳಿಯಬೇಕು. ಭುಜ ಎರಡೂ ಒಂದೇ ಮಟ್ಟದಲ್ಲಿರಲಿ. ಒಂದೂವರೆ ನಿಮಿಷ ಮಾಡಿ, ಅಷ್ಟೇ ಹೊತ್ತು ನಿಲ್ಲಿ. ವಾರ ಕಳೆದಂತೆ ಮಾಡುವ ಹೊತ್ತು ಬೆಳೆಯಲಿ, ನಿಲ್ಲುವ ಹೊತ್ತು ಕಮ್ಮಿಯಾಗಲಿ. ಭಂಗಿ ಮೇಲೆ ಬಂದ ಕೂಡಲೇ ಆ ಸೆಟ್ ಮುಗಿಯಿತು ಎಂದು ತಿಳಿಯಿರಿ.

ಸ್ಲೈಡ್ ಬೋರ್ಡ್ ಎರಡು ಮೀಟರ್ ಉದ್ದ ಇದ್ದರೆ ಸಾಕು. ಆಚೆ ತುದಿ ತಲುಪಿದ ಕೂಡಲೇ ವಾಪಸ್ ತಳ್ಳಬೇಡಿ. ಆ ಕಾಲಿನ ಮೇಲೆ ಒಂದು ಕ್ಷಣ ಪೂರ್ತಿ ನಿಂತು, ಆಮೇಲೆ ತಳ್ಳಿ. ಐಸ್ ಮೇಲೆ ಜಾರುವ ಹೊತ್ತನ್ನು ಬೋರ್ಡ್ ಕೊಡುವುದಿಲ್ಲ, ನಾವೇ ಅಲ್ಲಿ ತಂದುಕೊಳ್ಳಬೇಕು. ತಿರುವಿಗೆ ಬೆಲ್ಟ್ ಕಟ್ಟಿಕೊಳ್ಳಿ. ಸೊಂಟದ ಬೆಲ್ಟನ್ನು ಬಲಗಡೆಯಿಂದ ಯಾರಾದರೂ ಎಳೆದು ಹಿಡಿದರೆ ಎಡಕ್ಕೆ ಪೂರ್ತಿ ವಾಲಿ ಕ್ರಾಸ್‌ಓವರ್ ಮಾಡಬಹುದು. ನೀವು ಹೇಳಿದ ಆ ಎಡಗಾಲಿನ ತಳ್ಳು ಐಸ್ ಇಲ್ಲದೆ ಸಿಗುವುದು ಇಲ್ಲಿ ಮಾತ್ರ.

ವಯಸ್ಸಿನ ಮಾತಿಗೆ ಒಂದೇ ಉತ್ತರ. ಕ್ಲೌಡಿಯಾ ಪೆಕ್‌ಸ್ಟೈನ್ 2022ರಲ್ಲಿ ತಮ್ಮ ಎಂಟನೇ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೇಟ್ ಮಾಡಿದಾಗ ಅವರಿಗೆ ಐವತ್ತು ತುಂಬಲು ಕೆಲವೇ ದಿನ ಬಾಕಿ ಇತ್ತು. ನನ್ನ ಮಾತು ಹೇಳುವುದಾದರೆ, ನನ್ನ ಟೈಮ್‌ಗಳು ಈಗ ವರ್ಷ ವರ್ಷ ನಿಧಾನವಾಗುತ್ತಿವೆ. ಭಂಗಿ ಮಾತ್ರ ಹೋದ ವರ್ಷಕ್ಕಿಂತ ಚೆನ್ನಾಗಿದೆ. ಅದರ ಖುಷಿ ದೊಡ್ಡದು. ಅರ್ಥ ಇದೆಯಾ ಎಂದು ನಾನು ಯಾರನ್ನೂ ಕೇಳಿಲ್ಲ.

ಗಾಲಿಕಾಲು

ಇನ್‌ಲೈನ್ ಬಗ್ಗೆ ನಾನು ಹೇಳುತ್ತೇನೆ. ನಾನು ಗಾಲಿಯಿಂದಲೇ ಐಸಿಗೆ ಬಂದವನು.

ತಗೊಳ್ಳಿ. ಖಂಡಿತ ತಗೊಳ್ಳಿ. ನೀವು ಹೇಳಿದ ವೇಗ, ಗಾಳಿ ಎರಡೂ ಸಿಗುತ್ತವೆ. ಚಾಡ್ ಹೆಡ್ರಿಕ್ ಗಾಲಿ ಬಿಟ್ಟು ಐಸಿಗೆ ಬಂದು 2006ರ ಒಲಿಂಪಿಕ್ಸ್‌ನಲ್ಲಿ 5000 ಮೀಟರ್ ಗೆದ್ದರು. 2022ರಲ್ಲಿ ಬಾರ್ಟ್ ಸ್ವಿಂಗ್ಸ್ ಮಾಸ್ ಸ್ಟಾರ್ಟ್ (ಎಲ್ಲರೂ ಒಟ್ಟಿಗೆ ಹೊರಡುವ ರೇಸ್), ಎರಿನ್ ಜಾಕ್ಸನ್ 500 ಮೀಟರ್ ಗೆದ್ದರು. ಎಲ್ಲರೂ ಗಾಲಿಯಿಂದ ಬಂದವರೇ. ಗಾಲಿ ತಂತ್ರ ಕೆಡಿಸುತ್ತದೆ ಎಂಬ ಮಾತು ಪೂರ್ತಿ ನಿಜ ಆಗಿದ್ದರೆ ಇವರ್ಯಾರೂ ಅಲ್ಲಿ ಇರುತ್ತಿರಲಿಲ್ಲ.

ಆದರೂ ಎರಡು ಎಚ್ಚರಿಕೆ. ಒಂದು, ಡಬಲ್ ಪುಶ್. ಗಾಲಿಯಲ್ಲಿ ಪಾದವನ್ನು ಹೊರ ಅಂಚಿನ ಮೇಲೆ ಇಳಿಸಿ ಒಳಕ್ಕೆ ಎಳೆದು ಒಂದು ಹೆಚ್ಚಿನ ತಳ್ಳು ತೆಗೆಯುತ್ತೇವೆ. ಗಾಲಿಯಲ್ಲಿ ಅದು ಬಹಳ ಉಪಯೋಗ. ಐಸಿನಲ್ಲಿ ಬ್ಲೇಡ್ ಸುಮ್ನೆ ನೇರವಾಗಿ ಜಾರಲಿ ಎಂದು ಬಿಡುವುದೇ ಲಾಭ. ನಿಮಗೆ ಐಸ್ ಮುಖ್ಯ ಆಗಿದ್ದರೆ ಡಬಲ್ ಪುಶ್ ಕಲಿಯಲು ಹೋಗಬೇಡಿ. ಎರಡು, ರಬ್ಬರಿನಂಥ ಗಾಲಿ ರಸ್ತೆಯನ್ನು ಹಿಡಿದುಕೊಳ್ಳುತ್ತದೆ. ಕೊನೆಯಲ್ಲಿ ಸ್ವಲ್ಪ ಹಿಂದಕ್ಕೆ ಒದ್ದರೂ ಅದು ಕ್ಷಮಿಸುತ್ತದೆ. ಐಸ್ ಕ್ಷಮಿಸುವುದಿಲ್ಲ. ಹಳೆಬ್ಲೇಡ್ ಅವರು ನೆಲದ ಬಗ್ಗೆ ಹೇಳಿದ್ದು ಗಾಲಿಗೂ ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತದೆ.

ನಾಲ್ಕು 110 ಮಿಲಿಮೀಟರ್ ಗಾಲಿಯ ಫ್ರೇಮ್ ತಗೊಳ್ಳಿ. ಮೂರು 125ರದ್ದು ವೇಗವಾಗಿ ಹೋಗುತ್ತದೆ, ಆದರೆ ಕಾಲು ನೆಲದಿಂದ ಇನ್ನಷ್ಟು ಎತ್ತರಕ್ಕೆ ಹೋಗುತ್ತದೆ, ಕಣಕಾಲಿಗೆ ಕೆಲಸ ಜಾಸ್ತಿ. ಮೊದಲ ಬೇಸಿಗೆಗೆ ಅದು ಬೇಡ. ಖಾಲಿ ಪಾರ್ಕಿಂಗ್ ಜಾಗ ಸಿಕ್ಕರೆ ಎಡ ತಿರುವು ಎಷ್ಟು ಮಾಡಿದರೂ ಸಾಲದು. ಬಲಕ್ಕೂ ಸ್ವಲ್ಪ ಮಾಡಿ. ಸೊಂಟ ಒಂದೇ ಕಡೆ ಬಿಗಿಯಾಗಿದ್ದರೆ ಬೆನ್ನು ನೋವು ತಪ್ಪಿದ್ದಲ್ಲ. ಹೆಲ್ಮೆಟ್ ಬೇಕೇ ಬೇಕು. ನೆಲ ಒದ್ದೆ ಇದ್ದ ದಿನ ಹೋಗಲೇಬೇಡಿ.

ಜಿಗ್ ಮತ್ತು ಕಲ್ಲು

ಬ್ಲೇಡ್ ಪ್ರಶ್ನೆಗೆ ಯಾರೂ ಬಂದಿಲ್ಲ. ನಾನು ಬರುತ್ತೇನೆ, ಯಾಕೆಂದರೆ ಅಕ್ಟೋಬರ್‌ನಲ್ಲಿ ತುಕ್ಕು ಹಿಡಿದ ಬ್ಲೇಡ್ ಕೈಗೆತ್ತಿಕೊಳ್ಳುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಬ್ಲೇಡ್ ಒಂದು ಮಿಲಿಮೀಟರ್ ಚಿಲ್ಲರೆ ದಪ್ಪ. ಹಾಕಿಯವರ ಹಾಗೆ ನಡುವೆ ಗುಳಿ ಇಲ್ಲ, ತಳ ಚಪ್ಪಟೆ, ಎರಡು ಚೂಪಾದ ಅಂಚು. ಅಂಚಿನಲ್ಲಿ ತುಕ್ಕಿನ ಒಂದು ಚುಕ್ಕೆ ಕೂತರೆ ಅದು ಹೋಗುವವರೆಗೆ ಉಜ್ಜಬೇಕು. ಅಷ್ಟು ಉಜ್ಜಿದರೆ ರಾಕರ್, ಅಂದರೆ ಬ್ಲೇಡಿನ ಉದ್ದಕ್ಕೂ ಇರುವ ಸಣ್ಣ ಬಾಗು, ಬದಲಾಗುವ ಅಪಾಯ ಇದೆ.

ಮೊದಲು ಒಂದು ಸಲ ಹಗುರವಾಗಿ ಚೂಪು ಮಾಡಿ ಬರ್ ತೆಗೆಯಿರಿ. ಒಣ ಬಟ್ಟೆಯಲ್ಲಿ ಒರೆಸಿ, ರಾತ್ರಿಯಿಡೀ ಹಾಗೇ ಗಾಳಿಗೆ ಬಿಡಿ. ಆಮೇಲೆ ತೆಳ್ಳಗೆ ಎಣ್ಣೆ ಸವರಿ ಒಣ ಬಟ್ಟೆ ಸುತ್ತಿ. ಪ್ಲಾಸ್ಟಿಕ್ ಗಾರ್ಡ್‌ನಲ್ಲಿ ಇಡಬೇಡಿ, ಒಳಗೆ ತೇವ ನಿಲ್ಲುತ್ತದೆ. ಒದ್ದೆಯಾದ ಬಟ್ಟೆ ಗಾರ್ಡ್ ಇನ್ನೂ ಕೆಟ್ಟದ್ದು. ಕ್ಲ್ಯಾಪ್‌ನ ಸ್ಪ್ರಿಂಗ್ ಎಳೆದು ಬಿಟ್ಟು ನೋಡಿ, ಹಿಮ್ಮಡಿ ಪಟ್ಟನೆ ವಾಪಸ್ ಕೂರಬೇಕು. ಸೋಮಾರಿಯಾಗಿ ಕೂತರೆ ಸ್ಪ್ರಿಂಗ್ ಈಗಲೇ ಬದಲಾಯಿಸಿ. ಕೀಲು ಅಲ್ಲಾಡುತ್ತಿದೆಯಾ ನೋಡಿ.

ಬ್ಲೇಡನ್ನು ಬೂಟಿನಿಂದ ಬಿಚ್ಚುವುದಾದರೆ ಬಿಚ್ಚುವ ಮೊದಲು ಮುಂದೆ ಹಿಂದೆ ಎರಡೂ ಕಡೆ ಬೂಟಿನ ಮೇಲೆ ಗುರುತು ಹಾಕಿ, ಫೋಟೋ ತೆಗೆದುಕೊಳ್ಳಿ. ಬ್ಲೇಡ್ ಒಂದು ಮಿಲಿಮೀಟರ್ ಆಚೀಚೆ ಆದರೂ ಕಾಲಿಗೆ ಗೊತ್ತಾಗುತ್ತದೆ. ರಾಕರ್ ಗೇಜ್ ಇರುವವರ ಹತ್ತಿರ ಒಮ್ಮೆ ಅಳತೆ ನೋಡಿಸಿ. ಲಾಂಗ್ ಟ್ರ್ಯಾಕ್‌ಗೆ ಸಾಮಾನ್ಯವಾಗಿ 21ರಿಂದ 25 ಮೀಟರ್ ತ್ರಿಜ್ಯ ಇಟ್ಟುಕೊಳ್ಳುತ್ತಾರೆ. ಸೀಸನ್ ಪೂರ್ತಿ ಕೈಯಲ್ಲಿ ಉಜ್ಜಿದ ಬ್ಲೇಡ್ ತುದಿಗಳಲ್ಲಿ ಜಾಸ್ತಿ ಸವೆದಿರುವುದು ಮಾಮೂಲು. ಸರಿ ಮಾಡಿಸಲು ಇದೇ ಒಳ್ಳೆ ಸಮಯ. ಅಕ್ಟೋಬರ್‌ನಲ್ಲಿ ಎಲ್ಲರೂ ಸಾಲು ನಿಲ್ಲುತ್ತಾರೆ.

ಬೂಟು: ಇನ್‌ಸೋಲ್ ತೆಗೆದು ಬೇರೆ ಇಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬೂಟು ಬಿಡಲೇಬೇಡಿ. ಬಿಸಿ ಮಾಡಿ ಆಕಾರ ಕೊಡುವ ಬೂಟಾದರೆ ಆ ಶಾಖಕ್ಕೆ ಅದು ತನಗೆ ಬೇಕಾದ ಆಕಾರ ತಗೊಳ್ಳಬಹುದು.

ಹೊರಲೇನ್

ಮೂವರಿಗೂ ಮನಸಾರೆ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ.

ಹಳೆಬ್ಲೇಡ್ ಅವರೇ, ನೀವು ಹೇಳಿದ ಪರೀಕ್ಷೆ ಇವತ್ತು ಬೆಳಗ್ಗೆ ಮಾಡಿದೆ. ಒಂದೂವರೆ ನಿಮಿಷ ಆಗುವಷ್ಟರಲ್ಲಿ ತೊಡೆ ಎರಡೂ ಉರಿಯುತ್ತಿದ್ದವು. ಉಸಿರು ಮಾತಾಡುವಷ್ಟು ಆರಾಮಾಗಿತ್ತು. ವಿಡಿಯೋ ನೋಡಿದರೆ ಬೆನ್ನು ಮೇಲೆ ಬಂದಿರುವುದು ನನಗೆ ಅನಿಸಿದ್ದಕ್ಕಿಂತ ಸಾಕಷ್ಟು ಮೊದಲೇ. ಬಲಗಾಲಿಗಿಂತ ಎಡಗಾಲು ಬೇಗ ಸೋಲುತ್ತಿದೆ. ತಿರುವಿನಲ್ಲಿ ಎಡಗಾಲಿನ ತಳ್ಳು ಬಲಗಾಲಿನಷ್ಟು ಉದ್ದ ಬರುವುದಿಲ್ಲ ಎಂದು ಸೀಸನ್ ಪೂರ್ತಿ ಅನಿಸುತ್ತಿತ್ತು, ಅದಕ್ಕೂ ಇದಕ್ಕೂ ಸಂಬಂಧ ಇರಬೇಕು. ಇದನ್ನು ನೋಡಿದ ಮೇಲೆ ಡ್ರೈಲ್ಯಾಂಡ್ ಬಗ್ಗೆ ಇದ್ದ ಬೇಸರ ನಿಜವಾಗಿಯೂ ಕಮ್ಮಿಯಾಗಿದೆ. ಏನನ್ನು ಸರಿ ಮಾಡುತ್ತಿದ್ದೇನೆ ಎಂದು ಕಣ್ಣಿಗೆ ಕಂಡಿತಲ್ಲ.

ಹಾಗಾಗಿ ಈ ತಿಂಗಳು ಪೂರ್ತಿ ಬಿಡುವು, ಆಮೇಲೆ ನೀವು ಹೇಳಿದ ಕ್ರಮವೇ. ಭಾನುವಾರದ ಸೈಕಲ್ ಬಿಡುವುದಿಲ್ಲ. ಗಾಲಿಕಾಲು ಅವರೇ, ಇನ್‌ಲೈನ್ ತಗೊಳ್ಳಬೇಕು ಎಂದು ನಿಶ್ಚಯ ಮಾಡಿದೆ, ನಾಲ್ಕು ಗಾಲಿಯದ್ದೇ. ಜಿಗ್ ಮತ್ತು ಕಲ್ಲು ಅವರೇ, ಬ್ಲೇಡ್‌ಗಳು ಈಗಾಗಲೇ ಗಾರ್ಡ್‌ನಿಂದ ಹೊರಗೆ ಬಂದು ಗಾಳಿ ಕುಡಿಯುತ್ತಿವೆ. ಎಡ ಬ್ಲೇಡಿನ ಸ್ಪ್ರಿಂಗ್ ನಿಧಾನ ಇದೆ. ಹೊಸದು ಹಾಕಿಸುತ್ತೇನೆ.

ಉಳಿದದ್ದು ಒಂದೇ ಪ್ರಶ್ನೆ. ಬೆಳಗ್ಗೆ ಅಷ್ಟು ಹೊತ್ತಿಗೆ ಬೆಲ್ಟ್ ಹಿಡಿಯಲು ನನಗೆ ಯಾರೂ ಸಿಗುವುದಿಲ್ಲ. ಗೋಡೆಗೆ ಕೊಕ್ಕೆ ಹಾಕಿ ಕಟ್ಟಬಹುದಾ? ಎಷ್ಟು ಎತ್ತರಕ್ಕೆ?

ಹಳೆಬ್ಲೇಡ್

ಕಟ್ಟಬಹುದು. ನೀವು ಕೂತ ಭಂಗಿಯಲ್ಲಿದ್ದಾಗ ಸೊಂಟ ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ ಸ್ವಲ್ಪ ಮೇಲೆ ಕೊಕ್ಕೆ ಇರಲಿ. ಗಟ್ಟಿ ಕಾಂಕ್ರೀಟ್ ಗೋಡೆಗೆ ಆಂಕರ್ ಬೋಲ್ಟ್ ಹಾಕಿಸಿ, ನಿಮ್ಮ ಇಡೀ ಭಾರ ಅದರ ಮೇಲೆ ಬೀಳುತ್ತದೆ. ಎಳೆದರೆ ಹಿಗ್ಗುವ ರಬ್ಬರ್ ಬೇಡ, ಹಿಗ್ಗದ ಪಟ್ಟಿ ತಗೊಳ್ಳಿ. ಗೋಡೆಗೆ ಕಟ್ಟಿದರೆ ಮುಂದೆ ಹೋಗಲು ಆಗುವುದಿಲ್ಲ, ನಿಂತಲ್ಲೇ ಕ್ರಾಸ್‌ಓವರ್ ಮಾಡಬೇಕು. ಬಲಗಾಲು ದಾಟಿಸಿ ಇಳಿಸಿ, ಎಡಗಾಲು ಅಡಿಯಲ್ಲಿ ಪೂರ್ತಿ ಚಾಚಿ, ವಾಪಸ್ ಮೊದಲ ಜಾಗಕ್ಕೆ. ಶುರುವಿನಲ್ಲಿ ಕಡಿಮೆ ವಾಲಿ. ಎಡಗಾಲು ಸೋಲುತ್ತಿದೆ ಅಂದಿರಲ್ಲ, ಚಾಚಿದ ಜಾಗದಲ್ಲಿ ಎರಡು ಸೆಕೆಂಡ್ ಹಿಡಿದು ನಿಲ್ಲಿ. ತಿಂಗಳ ಬಿಡುವು ಮುಗಿದ ಮೇಲೆ ಒಂದು ವಿಡಿಯೋ ಹಾಕಿ, ನೋಡಿ ಹೇಳುತ್ತೇನೆ.